ಬನ್ನಿ ಕೊಟ್ಟ ಕೈ

"ಥೂ! ಕೈ ಬಿಡಿ!"

ಯಕ್ಷಿತಾ ಕಿರುಚಿದಳು. ಮುಂಬಯಿಯ ದಹಿಸರ್ ಖಾಡಿಯಲ್ಲಿ, ಸಮುದ್ರದ ಹಿನ್ನೀರಿನ ಕಪ್ಪು ಕೆಸರಿನಲ್ಲಿ, ಅವಳು ಮೊಣಕಾಲಿನವರೆಗೆ ಹೂತುಹೋಗಿದ್ದಳು. ಕೈ ಹಿಡಿದು ಎಳೆಯುತ್ತಿದ್ದವನ ಅಂಗಿಯ ತುಂಬ ಸಿಮೆಂಟು. ಪಕ್ಕದಲ್ಲೇ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಮೇಲೆ, ಕಟ್ಟಡ ಒಡೆದ ಕಲ್ಲುಮಣ್ಣಿನ ಗುಡ್ಡೆ.

'ಇವನೇ ಸುರಿದಿರಬೇಕು... ಅಸಹ್ಯ!'

"ಇದೆಲ್ಲ ಸುರಿದದ್ದು ನೀವೇ ಅಲ್ವಾ? ಎಂತ ಜನ ಮಾರಾಯ್ರೆ!"

"ನಾ ಗೌಂಡಿ ರೀ, ಗ್ವಾಡಿ ಕಟ್ಟಾಂವ. ಕೆಲಸಕ್ಕ ಹೊಂಟಿದ್ದೆ. ನೀವು ಮುಳಗಾಕತ್ತಿದ್ರಿ, ಬಂದೆ. ಬಿಡ್ಲೇನು?"

ಅವಳು ಇನ್ನಷ್ಟು ಕುಸಿದಳು.

"ಬೇಡ... ಬಿಡಬೇಡಿ!"

ಅವನು ಸುಭಾಷ, ಖಾಡಿಯ ಪಕ್ಕದ ಚಾಳಿನ ಒಂದೇ ಕೋಣೆಯ ಮನೆಯವನು. ಟವರ್ ಕಟ್ಟಲೆಂದು ಬಿಲ್ಡರೊಬ್ಬ ಸಂರಕ್ಷಿತ ಕಾಂಡ್ಲಾ ಕಾಡನ್ನೇ ಮುಚ್ಚಿಸುತ್ತಿದ್ದಾನೆಂದು ಯಕ್ಷಿತಾ ಹೇಳಿದ ಮೇಲೆ, ಚಾಳಿನವರನ್ನೆಲ್ಲ ಕರೆದುಕೊಂಡು ಕಾಡು ಉಳಿಸುವ ಅವಳ ಕಮಿಟಿಗೆ ಬಂದುಬಿಟ್ಟ. ಭಾನುವಾರಗಳಲ್ಲಿ ಇಬ್ಬರೂ ಮೂಗಿಗೆ ಬಟ್ಟೆ ಕಟ್ಟಿಕೊಂಡು ಗುಟ್ಕಾ ಚೀಟಿ, ಡೈಪರ್, ಕೊಳೆತ ಕೋಳಿಪುಕ್ಕ ಹೆಕ್ಕಿದರು. ಅಂಥ ಗಬ್ಬುನಾತದ ನಡುವೆ ಪ್ರೀತಿ ಹುಟ್ಟೀತೆಂದರೆ ಯಾರು ನಂಬುತ್ತಾರೆ! ಹುಟ್ಟಿತು. ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಇಬ್ಬರಿಗೂ ಇರಲಿಲ್ಲ.

ದಸರೆಯ ಸಂಜೆ ಕಮಿಟಿಯ ಗ್ರೂಪಿಗೆ ಒಂದು ವಿಡಿಯೊ ಬಂತು. ಬಿಲ್ಡರನ ಟ್ರಕ್ಕುಗಳನ್ನು ಓಡಿಸುವ, ಸುಭಾಷನ ಸೀಮೆಯವನೇ ಆದ ಬಸವಂತಪ್ಪ ಗುಟ್ಕಾ ಜಗಿಯುತ್ತ ಕುಳಿತಿದ್ದಾನೆ. ಸುಭಾಷ ಅವನ ಕೈಗೆ ಏನನ್ನೋ ಇಟ್ಟು, ಕಾಲು ಮುಟ್ಟಿ, ಅಪ್ಪಿಕೊಂಡ!

ಕೆಳಗೊಂದು ಸಾಲು: 'ಬಿಕ್ ಗಯಾ ಸಾಲಾ.' ತನ್ನನ್ನೇ ಮಾರಿಕೊಂಡನಂತೆ!

ಯಕ್ಷಿತಾ ಫೋನನ್ನು ಮಗುಚಿ ಹಾಕಿದಳು. ಆ ಕೆಂಪು ಹಲ್ಲಿನವನ ಎದೆಗೆ ಎದೆ ಹಚ್ಚಿದನೇ? ಛೀ!

ಸುಭಾಷ ಅವಳಪ್ಪನ ಹೋಟೆಲಿನ ಬಾಗಿಲಿಗೇ ಬಂದ.

"ಯಕ್ಷಿತಾ ಅವ್ರ, ಒಂದ್ ಮಾತ್ ಕೇಳ್ರಿ..."

"ನಾಳೆ ಸಭೆಯಲ್ಲಿ ನೀವು ಮಾತಾಡುದು ಬೇಡ. ನಿಮ್ಮನ್ನು ನೋಡಿದ್ರೆ ನನಗೆ ವಾಕರಿಕೆ ಬರ್ತದೆ!"

ಅವನ ಮುಖ ಕಪ್ಪಿಟ್ಟಿತು. ತಿರುಗಿ ಹೊರಟುಹೋದ. ಅವಳು ಇಡೀ ರಾತ್ರಿ ಅತ್ತಳು.

ಮರುದಿನ ಟವರಿನ ಬಗ್ಗೆ ಸರಕಾರದ ಅಹವಾಲು ಸಭೆ. ಚಾಳಿನವರ ವಿರೋಧವಿಲ್ಲವೆಂದು ಅಧಿಕಾರಿ ಬರೆದುಕೊಂಡರೆ ಕಾಡು ಹೋದಂತೆಯೇ. ಬಸವಂತಪ್ಪ ಎದ್ದು ಹಲ್ಲು ಕಿರಿದ. ಚಾಳಿನವರೆಲ್ಲ ತಮ್ಮ ಕಡೆಯೇ, ನಿನ್ನೆ ಸುಭಾಷ ಬಂದು ತನ್ನ ಕಾಲು ಹಿಡಿದಿದ್ದಾನೆ ಎಂದು ಅಧಿಕಾರಿಯ ಮುಂದೆ ಹಿಂದಿಯಲ್ಲಿ ಸಾರಿದ.

ಹಿಂದಿನ ಸಾಲಿನಿಂದ ಸುಭಾಷ ಎದ್ದ.

"ಕಾಕಾ, ದಸರಾ ಹಬ್ಬಕ್ಕ ಬನ್ನಿ ಎಲಿ ಕೊಟ್ಟೀನಿ. ನಮ್ಮ ಕಡೆ ವೈರಿಗೂ ಕೊಡ್ತೀವಿ, ನಿಮಗ ಗೊತ್ತಿಲ್ಲೇನು? ಹಿರ್ಯಾರಂತ ಕಾಲ್ ಮುಟ್ಟೀನಿ. ಆದ್ರ ಕಾಡು ಕೊಟ್ಟಿಲ್ಲ!"

ಅದನ್ನೇ ಹಿಂದಿಯಲ್ಲಿ ಅಧಿಕಾರಿಗೂ ಹೇಳಿದ. ಅವನ ಬೆನ್ನಿಗೆ ಇಡೀ ಚಾಳು ಎದ್ದು ನಿಂತಿತು. ಅಧಿಕಾರಿ ವಿರೋಧವನ್ನು ಬರೆಸಿಕೊಂಡರು. ಜಾಗ ನೋಡುವವರೆಗೆ ಒಂದು ಟ್ರಕ್ಕೂ ಖಾಡಿಗಿಳಿಯಕೂಡದೆಂದು ಹೇಳಿದರು.

ಯಕ್ಷಿತಾ ಕುಳಿತಲ್ಲೇ ಕುಗ್ಗಿದಳು. ಉಡುಪಿ ಕಡೆಯ ಅವಳಿಗೆ ದಸರೆಯೆಂದರೆ ಶಾರದೆ ಪೂಜೆ, ಹುಲಿವೇಷ. ಬನ್ನಿ ಕೊಟ್ಟು ಅಪ್ಪಿಕೊಳ್ಳುವುದು ಗೊತ್ತೇ ಇರಲಿಲ್ಲ. 'ಕೇಳಬಹುದಿತ್ತಲ್ಲ... ಒಂದು ಮಾತು ಕೇಳಬಹುದಿತ್ತಲ್ಲ!'

ಹೊರಗೆ ಓಡಿ ಬಂದು ಅವನ ತೋಳು ಹಿಡಿದಳು.

"ನನ್ನ ಮೇಲೆಯೇ ನನಗೆ ಹೇಸಿಗೆ ಆಗ್ತಿದೆ..."

"ಬೈದದ್ದು ಇರ್ಲಿ ಬಿಡ್ರಿ. ಆದ್ರ ವಾಕರಿಕಿ ಬರ್ತದ ಅಂದ್ರಲ್ಲ... ಅದು ಎದಿಗಿ ನಟ್ಟೈತಿ."

"ಸುಳ್ಳು ಹೇಳಿದ್ದು! ನಿಮ್ಮನ್ನು ನೋಡದಿದ್ರೆ ನನಗೆ ಊಟವೇ ಸೇರುದಿಲ್ಲ!"

ಸುಭಾಷ ಅವಳನ್ನೇ ನೋಡಿದ. ಅವನ ಕಣ್ಣೂ ಒದ್ದೆಯಾಗಿತ್ತು.

"ಹಂಗಾದ್ರ... ಅವ್ವನ್ನ ಕರ್ಕೊಂಡು ನಿಮ್ಮ ಮನಿಗಿ ಬರ್ಲೇನ್ರಿ?"

"ಇನ್ನೂ 'ರೀ' ಅಂತೀರಲ್ಲ!"

"ಯಕ್ಷಿತಾ... ಬರ್ಲೇನು?"

"ನಾಳೆಯೇ ಬಾ, ಮಾರಾಯ!"