ತುಂಬದೆ ಹೋದ ಉಡಿ

“ಅಲ್ಲೇ ನಿಲ್ಲು ಕಸ್ತೂರಿ... ಮೆಟ್ಟಲಾ ಹತ್ತಬ್ಯಾಡ.”

ಅಣ್ಣ ಸಿದ್ದಣ್ಣನ ದನಿಗೆ, ಕೆಮ್ಮುತ್ತಲೇ ಬಂದಿದ್ದ ಕಸ್ತೂರಬಾಯಿ ಎತ್ತಿದ ಕಾಲನ್ನು ಹಾಗೆಯೇ ಕೆಳಗಿಟ್ಟಳು. ಲಾಕ್‌ಡೌನ್ ತುಸು ಸಡಿಲವಾಗಿತ್ತು. ವರ್ಷವೂ ತವರಿಗೆಂದು ಕುಟ್ಟುವ ಮಸಾಲೆ ಖಾರದ ಡಬ್ಬಿ ಹಿಡಿದು ಅಕ್ಕಲಕೋಟೆಯಿಂದ ಸೋಲಾಪುರಕ್ಕೆ ಬಂದಿದ್ದಳು.

“ಖಾರ ಕುಟ್ಟೀನಣ್ಣಾ, ಅದರ ಘಾಟು...” ಎನ್ನುತ್ತಲೇ ಮತ್ತೆ ಕೆಮ್ಮಿದಳು.

ಪಕ್ಕದ ಅಂಗಡಿಯ ಕಲ್ಯಾಣಪ್ಪ ರೋಗದಿಂದ ತೀರಿಕೊಂಡ ಸುದ್ದಿ ಸಿದ್ದಣ್ಣನಿಗೆ ಬಂದದ್ದು ಅಂದು ಬೆಳಿಗ್ಗೆಯೇ. ಅವನು ಯೋಚಿಸಲಿಲ್ಲ. ಡಬ್ಬಿಯನ್ನು ಕೋಲಿನಿಂದ ಗಟಾರಕ್ಕೆ ತಳ್ಳಿದ. ತಂಗಿ ನಿಂತ ಜಾಗಕ್ಕೆ, ಅವಳಿನ್ನೂ ನಿಂತಿರುವಾಗಲೇ, ಬ್ಲೀಚಿಂಗ್ ನೀರು ಸುರಿದ. ಸೀರೆಯ ಅಂಚು ತೊಯ್ದು ಬಣ್ಣಗೆಟ್ಟಿತು. ಹೆಂಡತಿ ಉಜ್ವಲಾ ಅಕ್ಕಿ, ಕಾಯಿ ತೆಗೆದುಕೊಂಡು ಓಡಿಬಂದಳು. “ಮನಿಮಗಳ್ನ ಹಿಂಗ ಕಳಿಸಬ್ಯಾಡ್ರಿ... ಉಡಿಯರ ತುಂಬತೀನಿ.” ಅವನು ಬಾಗಿಲು ಹಾಕಿದ.

ರೋಗದ ಕಾಲ ಕಳೆಯಿತು. ಉಜ್ವಲಾ ಆ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ಪೇಟೆಯ ಖಾರ ಹಾಕಿದ ಪಲ್ಯ ಬಡಿಸುವಾಗ ಮಾತ್ರ ಅವನ ಮುಖ ನೋಡುತ್ತಿರಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು...

ಕೊನೆಗೊಂದು ದಿನ ಇಬ್ಬರೂ ಕುಪ್ಪಸದ ಖಣ, ಅಕ್ಕಿ, ಕಾಯಿ ಕಟ್ಟಿಕೊಂಡು ಅಕ್ಕಲಕೋಟೆಗೆ ಹೋದರು. ಕಸ್ತೂರಬಾಯಿ ಚಹಾ ಕೊಟ್ಟಳು, ನಕ್ಕಳು, ಅತ್ತಿಗೆಯ ಮುಂದೆ ಸೆರಗು ಮಾತ್ರ ಒಡ್ಡಲಿಲ್ಲ.

“ತವರಿನ ಉಡಿ ಗಂಡನ ಮನ್ಯಾಗ ತುಂಬತಾರೇನ್ರಿ ವೈನಿ? ಪಾರ್ಸಲ್ ತಂದಂಗಾತಲ್ಲ.”

ಸಿದ್ದಣ್ಣ ತಲೆ ಎತ್ತಲಿಲ್ಲ. “ಹಂಗಾರ ಮನಿಗೆ ಬಾ ತಂಗಿ. ನಂದು ತಪ್ಪಾತು... ಅಂಜಿದ್ದೆ.”

“ಅಂಜಿಕಿ ನನಗೂ ಇತ್ತಣ್ಣಾ. ಬಾಗಲಾ ಹಾಕಿದ್ದು ತಿಳೀತದ. ಆದರ ಆ ನೀರು... ನಾ ಅಲ್ಲೇ ನಿಂತಿದ್ದೆ.”

ಮುಂದಿನ ವಾರ ಅವಳು ಬಂದಳು. ಅದೇ ಮೆಟ್ಟಿಲ ಕೆಳಗೆ ನಿಂತು, ಚೀಲದಿಂದ ಹಳೆಯ ಮಾಸ್ಕ್ ತೆಗೆದು ಕಟ್ಟಿಕೊಂಡಳು. ಅಣಕವಿರಬಹುದೆಂದು ಸಿದ್ದಣ್ಣ ಅವಳ ಕಣ್ಣು ನೋಡಿದ. ಅಣಕವಾಗಿರಲಿಲ್ಲ.

“ಈಗ ಬರ್ಲ್ಯಾ ಅಣ್ಣಾ?”

ಸಿದ್ದಣ್ಣ ಇಳಿದು ಬಂದು, ಅವಳ ಮಾಸ್ಕ್ ತಾನೇ ಬಿಚ್ಚಿದ. “ಒಳಗ ನಡಿ” ಎಂದ.

ಉಜ್ವಲಾ ಮಣೆ ಹಾಕಿ, ಅರಿಶಿನ ಕುಂಕುಮ ಹಚ್ಚಿ, ಉಡಿ ತುಂಬಿದಳು. ಸಿದ್ದಣ್ಣ ಅವರ ಹಿಂದೆ ಒಳಗೆ ಹೋಗಿರಲಿಲ್ಲ. ಅಂದು ತಂಗಿ ನಿಂತಿದ್ದ ಜಾಗದಲ್ಲಿ, ತನ್ನದೇ ಮನೆಯ ಮೆಟ್ಟಿಲ ಕೆಳಗೆ, ಆ ಮಾಸ್ಕನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದ... ತಂಗಿಯೇ ಬಾ ಎಂದು ಕರೆಯುವವರೆಗೆ.