ಕೆಲೆರಾಳ ಹೆಸರಿನಲ್ಲಿ ಬಂದ ಕೆಲಸ

ಮಾರ್ಚ್ ಹದಿನೇಳು, ಮಂಗಳವಾರ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಲಂಬಾಸ ಎಂಬ ದ್ವೀಪದ ಊರಿನ ಪೊಲೀಸ್ ಠಾಣೆಗೆ ಇಬ್ಬರು ಹೆಂಗಸರು ಬಂದರು. ಒಬ್ಬಳು ಇನ್ನೊಬ್ಬಳ ರಟ್ಟೆ ಹಿಡಿದು ಎಳೆದುಕೊಂಡೇ ಬಂದಿದ್ದಳು.

"ಇವಳನ್ನ ಒಳಗೆ ಹಾಕಿ," ಎಂದಳು ಹಿಡಿದವಳು. ಅವಳು ಮಕೆರೆಟಾ, ಮಾರುಕಟ್ಟೆಯಲ್ಲಿ ಮರಗೆಣಸು ಮಾರುವವಳು. "ಚರ್ಚಲ್ಲಿ ಒಂದೇ ಬೆಂಚಲ್ಲಿ ಕೂತು ಹಾಡ್ತೀವಿ ಮೇಡಂ. ಹಾಳು ಮಾಡೋಕೆ ಇವಳಿಗೆ ನನ್ನ ಮನೆನೇ ಬೇಕಿತ್ತಾ?"

ಎಳೆಸಿಕೊಂಡು ಬಂದವಳು ಕೆಲೆರಾ. ಕೆಲಸದಲ್ಲಿದ್ದ ಹೋಟೆಲು ಮುಚ್ಚಿದ ಮೇಲೆ ಹೊಸ ಕೆಲಸ ಹುಡುಕುತ್ತಿದ್ದಳು. ಅವಳು ತೋಳು ಬಿಡಿಸಿಕೊಳ್ಳಲಿಲ್ಲ. ಅತ್ತು ಅತ್ತು ಮುಖ ಊದಿತ್ತು.

ಇನ್ಸ್‌ಪೆಕ್ಟರ್ ಉನೈಸಿ ಇಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿದಳು. ಮಕೆರೆಟಾಳ ದೂರನ್ನು ಕಾನ್‌ಸ್ಟೇಬಲ್ ಶಾಲ್ವಿನ್ ಬರೆದುಕೊಂಡ. ತನಗೆ ಬ್ರಿಸ್ಬೇನಿನಲ್ಲಿ ಮುದುಕರನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿದೆ, ಇನ್ನೂ ಜನ ಬೇಕಂತೆ ಎಂದು ಕೆಲೆರಾ ಫೇಸ್‌ಬುಕ್ಕಿನಲ್ಲಿ ಬರೆದಿದ್ದಳಂತೆ. ಮಕೆರೆಟಾ ಪಾಸ್‌ಪೋರ್ಟಿನ ಚಿತ್ರ ಕಳಿಸಿದಳು, ಬ್ಯಾಂಕಿನ ವಿವರ ಕಳಿಸಿದಳು. ಈಗ ಅವಳ ಹೆಸರಿನಲ್ಲಿ ಯಾರೋ ಸಾಲ ಎತ್ತಿದ್ದಾರೆ. ಬ್ಯಾಂಕಿನವರು ಖಾತೆಗೆ ಬೀಗ ಹಾಕಿದ್ದಾರೆ.

"ಬ್ಯಾಂಕಿನಿಂದ ಫೋನಿಗೆ ಬಂದ ಗುಟ್ಟಿನ ಸಂಖ್ಯೆ?" ಎಂದು ಕೇಳಿದಳು ಉನೈಸಿ.

"ಅದನ್ನೂ ಕೊಟ್ಟೆ."

"ಯಾಕೆ ಕೊಟ್ರಿ?"

"ಕೇಳಿದ್ದು ಕೆಲೆರಾ ಅಲ್ವಾ? ಬೇರೆಯವರು ಕೇಳಿದ್ರೆ ಕೊಡ್ತಿದ್ನಾ?"

"ಮೂರು ಮನೆ ಆಚೆ ಇರೋಳು. ಹೋಗಿ ಒಂದು ಮಾತು ಕೇಳಲಿಲ್ವಾ?"

"ಯಾರ ಹತ್ರಾನೂ ಮಾತಾಡಬೇಡ, ಎದುರಿಗೆ ಸಿಕ್ಕರೂ ಇದನ್ನ ಎತ್ತಬೇಡ, ಕೇಳಿಸಿಕೊಂಡೋರು ಹೊಟ್ಟೆ ಉರಿಸ್ಕೊಳ್ತಾರೆ ಅಂತ ಬರೆದಿದ್ಲು. ಅದೂ ಸರಿ ಅನ್ನಿಸ್ತು."

ಪಕ್ಕದ ಕೋಣೆಯಲ್ಲಿ ಕೆಲೆರಾ ಕೇಳುವ ಮೊದಲೇ ತನ್ನ ಫೋನನ್ನು ಮೇಜಿನ ಮೇಲಿಟ್ಟಳು. "ಆ ಫೇಸ್‌ಬುಕ್ ಖಾತೆ ನನ್ನದಲ್ಲ ಮೇಡಂ. ನನಗೇ ಕೆಲಸ ಸಿಕ್ಕಿದ್ರೆ ಇಲ್ಲಿ ಯಾಕಿರ್ತಿದ್ದೆ? ಭಾನುವಾರದಿಂದ ಅಮ್ಮ ಹೊಸ್ತಿಲು ದಾಟಿಲ್ಲ. ಚರ್ಚಲ್ಲಿ ಕಳ್ಳಿಯ ತಾಯಿ ಅಂದ್ರಂತೆ."

ಶಾಲ್ವಿನ್‌ಗೆ ನಂಬಿಕೆ ಬರಲಿಲ್ಲ. "ಇವಳೇ ಇನ್ನೊಂದು ಖಾತೆ ತೆರೆದಿರಬಹುದು ಮೇಡಂ," ಎಂದ. ಉನೈಸಿ ಪಂಚನಾಮೆ ಮಾಡಿಸಿ ಫೋನು ವಶಕ್ಕೆ ತೆಗೆದುಕೊಂಡಳು. ಆ ಖಾತೆ ಎಲ್ಲಿಂದ ತೆರೆದದ್ದು ಎಂದು ತಿಳಿಸುವಂತೆ ರಾಜಧಾನಿ ಸುವಾದ ಸೈಬರ್ ವಿಭಾಗಕ್ಕೆ ಬರೆದಳು.

ಎರಡು ದಿನ ಜಾಲಾಡಿದರೂ ಕೆಲೆರಾಳ ಫೋನಿನಲ್ಲಿ ಏನೂ ಸಿಗಲಿಲ್ಲ. ಉನೈಸಿ ಅವಳನ್ನು ಮತ್ತೆ ಕರೆಸಿ ಸುಳ್ಳು ಖಾತೆಯ ಫೋಟೊ ತೋರಿಸಿದಳು. ಅದರಲ್ಲಿ ಕೆಲೆರಾ ಕಪ್ಪು ಕೋಟು ತೊಟ್ಟು ಗೋಡೆಗೆ ಬೆನ್ನು ಹಾಕಿ ನಿಂತಿದ್ದಳು.

ಕೆಲೆರಾ ತುಂಬ ಹೊತ್ತು ನೋಡಿದಳು. "ಈ ಕೋಟು ನನ್ನದಲ್ಲ. ಮಿಸ್ ತಮ್ಮದನ್ನ ಹಾಕಿಸಿದ್ರು, ಕೆಲಸದ ಅರ್ಜಿಗೆ ಚೆನ್ನಾಗಿರುತ್ತೆ ಅಂತ. ಆದ್ರೆ ಈ ಫೋಟೊ ಮಸುಕಾಗಿ ಬಂದಿದೆ ಅಂದಿದ್ರು. ಅಳಿಸಿಬಿಟ್ಟು ಇನ್ನೊಂದು ತೆಗೆದ್ರು."

"ಯಾವ ಮಿಸ್?"

"ಟೊರಿಕಾ ಮಿಸ್."

ಆ ಹೆಸರು ಉನೈಸಿಗೆ ಚೆನ್ನಾಗಿ ಗೊತ್ತಿತ್ತು. ಟೊರಿಕಾ ಆಸ್ಟ್ರೇಲಿಯಾದಲ್ಲಿ ದುಡಿದು ಬಂದವಳು. ಪ್ರತಿ ಶನಿವಾರ ಚರ್ಚಿನ ಸಭಾಂಗಣದಲ್ಲಿ ಅರ್ಜಿ ಬರೆಯುವುದನ್ನೂ ಅಂತರ್ಜಾಲದ ಮೋಸದಿಂದ ಪಾರಾಗುವುದನ್ನೂ ಬಿಟ್ಟಿಯಾಗಿ ಕಲಿಸುತ್ತಿದ್ದಳು. ಮೊದಲ ದಿನ ಅವಳ ಪಕ್ಕದಲ್ಲೇ ನಿಂತು, ಇವರು ಹೇಳಿದ ಹಾಗೆ ಕೇಳಿ ಎಂದು ಊರವರಿಗೆ ಹೇಳಿದವಳು ಉನೈಸಿಯೇ.

ಶುಕ್ರವಾರ ಸುವಾದಿಂದ ಉತ್ತರ ಬಂತು. ಖಾತೆ ತೆರೆದದ್ದು ಸಭಾಂಗಣದ ಇಂಟರ್‌ನೆಟ್‌ನಿಂದ.

ಶನಿವಾರ ತರಗತಿ ಮುಗಿಯುವವರೆಗೂ ಉನೈಸಿ ಶಾಲ್ವಿನ್ ಮತ್ತು ಇಬ್ಬರು ಪಂಚರ ಜೊತೆ ಹೊರಗೆ ಕಾದಳು. ಒಳಗೆ ಹೋದಾಗ ಹಲಗೆಯ ಮೇಲಿನ ಅಕ್ಷರ ಹಾಗೇ ಇತ್ತು: ಪಾಸ್‌ಪೋರ್ಟಿನ ಚಿತ್ರ ಯಾರಿಗೂ ಕಳಿಸಬೇಡಿ.

"ಬನ್ನಿ ಅಕ್ಕ," ಎಂದಳು ಟೊರಿಕಾ. "ನಿಂಬೆ ಎಲೆ ಚಹಾ ಇದೆ, ಕುಡೀತೀರಾ?"

"ಬೇಡ. ಕೆಲೆರಾಳ ಫೋಟೊ ತೆಗೆದದ್ದು ನೀವಾ?"

"ಎಲ್ಲರದ್ದೂ ನಾನೇ ತೆಗೆಯೋದು."

"ಕಪ್ಪು ಕೋಟಿನದ್ದು?"

"ಅದು ಕೆಟ್ಟುಹೋಗಿತ್ತು. ಆಗಲೇ ಅಳಿಸಿದೆ."

ಉನೈಸಿ ಫೋಟೊವನ್ನು ಅವಳ ಮುಂದಿಟ್ಟಳು. ಟೊರಿಕಾ ಚಹಾದ ಲೋಟ ಕೆಳಗಿಟ್ಟು ಕೈಗಳನ್ನು ಮಡಿಲಲ್ಲಿ ಜೋಡಿಸಿಕೊಂಡಳು.

"ಫೋನ್ ಕೊಡಿ ಮಿಸ್," ಎಂದ ಶಾಲ್ವಿನ್. ಪಂಚರ ಮುಂದೆ ಅದನ್ನು ತೆರೆದಾಗ ಫೋಟೊ ಅದರಲ್ಲೇ ಇತ್ತು. ತರಗತಿಗೆ ಬಂದ ಹತ್ತಾರು ಜನರ ಪಾಸ್‌ಪೋರ್ಟುಗಳೂ ಇದ್ದವು. ಟೊರಿಕಾಳನ್ನು ಅಲ್ಲಿಯೇ ಬಂಧಿಸಲಾಯಿತು.

ಠಾಣೆಯಲ್ಲಿ ಉನೈಸಿ ಮಕೆರೆಟಾಳನ್ನೂ ಕೆಲೆರಾಳನ್ನೂ ಎದುರುಬದುರು ಕೂರಿಸಿ ನಡೆದದ್ದನ್ನು ಹೇಳಿದಳು. ಮಕೆರೆಟಾ ನೆಲ ನೋಡುತ್ತ, "ನಿನ್ನ ಮುಖ ನೋಡಿ ನಂಬಿದೆ ಕಣೆ," ಎಂದಳು.

"ಫೋನಲ್ಲಿದ್ದ ಮುಖ ನಂಬಿದೆ ನೀನು," ಎಂದಳು ಕೆಲೆರಾ. "ನಾನಲ್ಲ ಅಂತ ನಿನ್ನ ಬಾಗಿಲಿಗೆ ಬಂದು ಹೇಳಿದೆನಲ್ಲ, ಆ ಮುಖ ನಂಬಲಿಲ್ಲ."

ಮಕೆರೆಟಾ ಅವಳ ಕೈ ಹಿಡಿಯಲು ಹೋದಳು. ಕೆಲೆರಾ ಕೈ ಹಿಂದಕ್ಕೆ ಎಳೆದುಕೊಂಡು ಎದ್ದು ಹೋದಳು.

ಟೊರಿಕಾ ಹೇಳಿಕೆ ಕೊಟ್ಟದ್ದು ಆ ಸಂಜೆ. ಅವಳು ಆಸ್ಟ್ರೇಲಿಯಾಕ್ಕೆ ಹೊರಟಾಗ ಊರವರು ಯಂಗೋನ ಬೇರಿನ ಪಾನೀಯ ಹಂಚಿ ಕೊರಳ ತುಂಬ ಹೂವು ಹಾಕಿ ಬೀಳ್ಕೊಟ್ಟಿದ್ದರು. ಬ್ರಿಸ್ಬೇನಿನಲ್ಲಿ ಇಳಿದಾಗ ಕರೆದೊಯ್ಯಲು ಯಾರೂ ಬಂದಿರಲಿಲ್ಲ. ಕಂಡವರ ಮನೆ ಗುಡಿಸಿ ಹೊಟ್ಟೆ ಹೊರೆದು, ಒಪ್ಪಂದ ಮುಗಿಯಿತು ಎಂದು ಹೇಳಿಕೊಂಡು ವಾಪಸಾದಳು. ಮೋಸಹೋದೆ ಎನ್ನಲು ನಾಲಿಗೆ ಏಳಲಿಲ್ಲ. ಅಷ್ಟರಲ್ಲಿ, ಕೆಲಸ ಕೊಡಿಸುತ್ತೇನೆಂದು ಅವಳನ್ನು ಕಳಿಸಿದ್ದ ಏಜೆಂಟ್ ಮತ್ತೆ ಬರೆದ: ಆಗ ತಪ್ಪಾಯಿತು, ಜನರ ದಾಖಲೆ ಒದಗಿಸು, ಈ ಸಲ ಮೊದಲ ಜಾಗ ನಿನಗೆ.

"ಊರವರಿಗೆ ಹೇಳಿದ ಕೆಲಸ ಸುಳ್ಳು ಅಂತ ಗೊತ್ತಿತ್ತಾ?" ಎಂದು ಕೇಳಿದಳು ಉನೈಸಿ.

"ಗೊತ್ತಿತ್ತು."

"ಕೆಲೆರಾಳೇ ಯಾಕೆ?"

"ಅವಳನ್ನ ಎಲ್ಲರೂ ನಂಬ್ತಾರೆ."

ಹೊರಗಿನಿಂದ ಬಂದ ಶಾಲ್ವಿನ್ ಉನೈಸಿಯ ಕಿವಿಯಲ್ಲಿ ಹೇಳಿದ. ಏಜೆಂಟ್ ಹೇಳಿದ್ದ ಹೆಸರಿನ ಕಂಪನಿ ಎಲ್ಲೂ ಇಲ್ಲ. ಕೊಟ್ಟ ವಿಳಾಸದಲ್ಲಿ ಕಾರು ನಿಲ್ಲಿಸುವ ಬಯಲಿದೆ.

ಟೊರಿಕಾ ಹೇಳಿಕೆಗೆ ಸಹಿ ಹಾಕಿ, ಪೆನ್ನು ಹಿಂದಿರುಗಿಸುತ್ತ ಕೇಳಿದಳು. "ಅಕ್ಕ, ಈ ಕೇಸಿನಿಂದ ನನ್ನ ವೀಸಾಕ್ಕೆ ತೊಂದರೆ ಆಗುತ್ತಾ? ಮುಂದಿನ ತಿಂಗಳು ಬರುತ್ತೆ ಅಂದಿದಾರೆ."

ಉನೈಸಿ ಕುರ್ಚಿ ಎಳೆದುಕೊಂಡು ಅವಳ ಮುಂದೆ ಕೂತಳು.

"ಬರಲ್ಲ ಟೊರಿಕಾ," ಎಂದಳು. "ಅಲ್ಲಿ ಯಾರೂ ಇಲ್ಲ."