ಕಣ್ಣು ವಾಲಿದ ಕಡೆ

"ರೆಪ್ಪೆ ಬಡೀಬೇಡಿ... ಹಾಗೇ ಇರಿ."

ಬಂಗಾಳಿ ಮಾತೇ ತುಂಬಿದ್ದ ಸಾಲ್ಟ್ ಲೇಕಿನ ಆ ಪ್ರಯೋಗಾಲಯದಲ್ಲಿ ಕನ್ನಡ ಕೇಳಿಸೀತೆಂದು ದೀಕ್ಷಿತಾ ಎಣಿಸಿರಲಿಲ್ಲ. ಕಣ್ಣಿನ ಚಲನೆ ಅಳೆಯುವ ಯಂತ್ರದ ಪಟ್ಟಿಗೆ ಗದ್ದವಿಟ್ಟು ಕುಳಿತಿದ್ದವಳು ರೆಪ್ಪೆ ಬಡಿದೇ ಬಿಟ್ಟಳು.

ಹಾಗೆಂದವನು, ಅವಳು ಅಮ್ಮನೊಡನೆ ಫೋನಿನಲ್ಲಿ ಮಾತಾಡಿದ್ದನ್ನು ಕೇಳಿಸಿಕೊಂಡಿದ್ದನಂತೆ. ಹೆಸರು ಪ್ರಸನ್ನ, ಮೈಸೂರಿನವನು, ಮಿದುಳಿನ ಸಂಶೋಧಕ. ಗಡ್ಡ, ದಪ್ಪ ಕನ್ನಡಕ, ಮೆಲುದನಿ.

ದೀಕ್ಷಿತಾ ಉಡುಪಿಯವಳು, ಪಾರ್ಕ್ ಸ್ಟ್ರೀಟಿನ ಬ್ಯಾಂಕೊಂದರಲ್ಲಿ ಕೆಲಸಕ್ಕಿದ್ದಳು. ಗೆಳತಿಯ ಒತ್ತಾಯಕ್ಕೆ ಈ ಪ್ರಯೋಗಕ್ಕೆ ಒಪ್ಪಿದ್ದಳು. ಪರದೆಯ ಮೇಲೆ ಎರಡೆರಡು ಮುಖಗಳು ಬರುತ್ತವೆ, ಮೆಚ್ಚಿದ್ದರ ಗುಂಡಿ ಒತ್ತಬೇಕು. ನೋಟವನ್ನು ನಡೆಸುವ ನರಜಾಲವೂ ತೀರ್ಮಾನ ಮಾಡುವ ಜಾಲವೂ ಮಿದುಳಿನಲ್ಲಿ ಸದಾ ಮಾತಾಡಿಕೊಳ್ಳುತ್ತವೆ, ಕಣ್ಣು ಹೆಚ್ಚು ಹೊತ್ತು ನಿಂತ ಕಡೆಗೇ ಮನಸ್ಸು ವಾಲುತ್ತದೆ ಎಂದು ಅವನು ವಿವರಿಸಿದ್ದ.

ಪರೀಕ್ಷೆಗೆ ಎರಡನೇ ಸಲವೂ ಕರೆದ. ಆಮೇಲೆ ಗರಿಯಾಹಾಟಿನ ಪೇಟೆಯಲ್ಲಿ ಚಹಾ, ಮನೆಯವರ ಮಾತುಕತೆ, ನಿಶ್ಚಿತಾರ್ಥದ ಉಂಗುರ...

ಹೀಗಿರುವಾಗ ಒಂದು ಮಧ್ಯಾಹ್ನ ಅವನ ಸಹೋದ್ಯೋಗಿ ಮಿಹಿರ್ ತಮಾಷೆಗೆಂದು ಆಡಿದ ಮಾತು ಅವಳ ಜೀವ ಹಿಂಡಿತು. ಎರಡನೇ ಸಲದ ಪರೀಕ್ಷೆಯಲ್ಲಿ ಪ್ರಸನ್ನ ಗಡ್ಡ, ಕನ್ನಡಕ ಇಲ್ಲದ ತನ್ನದೇ ಹಳೆಯ ಫೋಟೋ ಸೇರಿಸಿದ್ದನಂತೆ! ಉಳಿದ ಮುಖಗಳಿಗಿಂತ ಅದನ್ನು ಪರದೆಯಲ್ಲಿ ಹೆಚ್ಚು ಹೊತ್ತು ನಿಲ್ಲಿಸಿದ್ದನಂತೆ.

'ಹಾಗಾದರೆ ಪ್ರೀತಿಸಿದ್ದು ನಾನೇನಾ? ಅಥವಾ ಅವರು ತಿರುಗಿಸಿದತ್ತ ತಿರುಗಿದ ಗೊಂಬೆಯಾ?'

ಕೇಳಿದಾಗ ಅವನು ಅಲ್ಲಗಳೆಯಲಿಲ್ಲ. ತಲೆ ತಗ್ಗಿಸಿದ.

"ನಾನು ನಂಬಿ ಕೂತದ್ದು. ನೀವು ನನ್ನ ಮನಸ್ಸಿನೊಳಗೇ ಕೈ ಹಾಕಿದ್ರಿ."

ಉಂಗುರವನ್ನು ಮೇಜಿನ ಮೇಲಿಟ್ಟು ಹೊರಟುಬಂದಳು.

ಆಮೇಲಿನ ದಿನಗಳಲ್ಲಿ ಅವಳಿಗೆ ತನ್ನ ಇಷ್ಟಗಳ ಮೇಲೇ ನಂಬಿಕೆ ಹೋಯಿತು. ಅಂಗಡಿಯಲ್ಲಿ ಒಂದು ಸೀರೆ ಕಣ್ಣಿಗೆ ಹಿಡಿಸಿದರೂ, ಇದು ನಿಜಕ್ಕೂ ನನಗೆ ಬೇಕಾ ಎಂದು ಅನುಮಾನ. ಬರಿಗೈಯಲ್ಲಿ ವಾಪಸಾಗುತ್ತಿದ್ದಳು. ರಾತ್ರಿಯಿಡೀ ಅಳು...

ಪ್ರಸನ್ನ ತಾನಾಗಿಯೇ ಮೇಲಿನವರಲ್ಲಿ ತಪ್ಪೊಪ್ಪಿಕೊಂಡು ಆ ಸಂಶೋಧನೆಯಿಂದ ಹೊರಬಿದ್ದ ಸುದ್ದಿಯನ್ನು ತಂದವನೂ ಮಿಹಿರನೇ. ಇನ್ನೊಂದನ್ನೂ ಹೇಳಿದ. ಆ ಫೋಟೋ ಬಂದಾಗಲೆಲ್ಲ ಅವಳು ಒತ್ತಿದ್ದು ಪಕ್ಕದ ಮುಖದ ಗುಂಡಿಯನ್ನಂತೆ.

ಅಂದೇ ಸಂಜೆ ಅವಳು ಅವನ ಬಾಗಿಲು ತಟ್ಟಿದಳು. ಸೊರಗಿ ಹೋಗಿದ್ದ.

"ನಾನು ನಿಮ್ಮ ಫೋಟೋ ಆರಿಸಿರ್ಲಿಲ್ಲ ಅಂತ ಅವತ್ತೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನನ್ನ ತಪ್ಪು ಚಿಕ್ಕದಾಗ್ಬಿಡ್ತಿತ್ತು. ಅದು ಚಿಕ್ಕದಲ್ಲ ದೀಕ್ಷಿತಾ. ನೀವು ನನ್ನನ್ನೇ ಆರಿಸ್ಲಿ ಅಂತ್ಲೇ ಮಾಡಿದ್ದು."

ಅವಳ ಕಣ್ಣು ತುಂಬಿತು. ಪರದೆಯ ಮೇಲಿನ ಅವನ ತಂತ್ರ ಸೋತಿತ್ತು. ಆಮೇಲೆ ಚಹಾದ ಹೊತ್ತುಗಳಲ್ಲಿ ಹುಟ್ಟಿದ ಪ್ರೀತಿ ತನ್ನದೇ. ಆದರೆ ಅವನು ಮಾಡಿದ ಮೋಸವೂ ಸುಳ್ಳಲ್ಲ...

"ನಂಗೆ ಕೋಪ ಉಂಟು. ಇನ್ನೂ ತುಂಬಾ ದಿನ ಇರ್ತದೆ."

"ಇರಲಿ. ಕಾಯ್ತೀನಿ."

"ದೂರ ನಿಂತು ಕಾಯುವುದು ಬೇಡ." ಅವಳು ಮೆಲ್ಲಗೆ ಅವನ ಕೈ ಹಿಡಿದಳು. "ಕೋಪ ಇರುವಾಗಲೂ ಜೊತೆಗೇ ಇರಿ."